ತೂಕದಲ್ಲಿ ಮೋಸವಾದಾಗ ಯಾವ ದುಆ, ಯಾವ ಅರ್ಜಿ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಶುರುವಾದರೆ ನಮ್ಮ ಮನೆ ಕಟ್ಟೆಗೆ ಬರುವ ಹೆಂಗಸರು ಜಾಸ್ತಿ. ನಾನು ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಅರ್ಜಿ ಬರೆಯಲು ಬರುತ್ತದೆ. ಕುರ್‌ಆನನ್ನು ಅರ್ಥದ ಸಮೇತ ಓದುವ ಅಭ್ಯಾಸವಿದೆ. ಕೂಲಿ ಬಾಕಿ ಇಟ್ಟರು, ತೂಕದಲ್ಲಿ ಹೊಡೆದರು, ಅಣ್ಣಂದಿರು ಪಾಲು ಕೊಡಲಿಲ್ಲ ಅಂತ ಬರುವವರು ಕೂತ ಕೂಡಲೇ ಕೇಳುತ್ತಾರೆ: "ಆಪಾ, ಇದಕ್ಕೆ ಯಾವ ದುಆ ಓದಬೇಕು?"

ದುಆ, ಅಂದರೆ ಅಲ್ಲಾಹನಲ್ಲಿ ಮಾಡುವ ಪ್ರಾರ್ಥನೆ, ಹೇಳಿಕೊಡುತ್ತೇನೆ. ಆದರೆ ದುಆ ಓದಿ ಸುಮ್ನೆ ಮನೆಯಲ್ಲಿ ಕೂತುಬಿಡಿ ಅಂತ ನಮ್ಮ ದೀನ್ (ಧರ್ಮ) ಎಲ್ಲೂ ಹೇಳಿಲ್ಲ. ದುಆ ಓದಿದ ಮೇಲೆ ಏನು ಮಾಡಬೇಕು ಅನ್ನುವುದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಕುರ್‌ಆನಿನ 11ನೇ ಅಧ್ಯಾಯದಲ್ಲಿ ಪ್ರವಾದಿ ಶುಐಬ್ ಅಲೈಹಿಸ್ಸಲಾಮರ ವಿಷಯ ಬರುತ್ತದೆ. ಅವರನ್ನು ಕಳಿಸಿದ್ದು ಮದ್ಯನ್ ಜನರ ಬಳಿಗೆ. ಅಳತೆ, ತೂಕದಲ್ಲಿ ಮೋಸ ಮಾಡುವುದು ಆ ಜನರಿಗೆ ರೂಢಿಯಾಗಿತ್ತು. ಅಲ್ಲಾಹನೊಬ್ಬನನ್ನೇ ಆರಾಧಿಸಿ ಎಂದ ಬಾಯಲ್ಲೇ ಶುಐಬರು, ಅಳತೆ ತೂಕದಲ್ಲಿ ಕಡಿಮೆ ಮಾಡಬೇಡಿ ಎಂದರು. ಆ ಜನ ಕುಹಕದಿಂದ ಕೇಳಿದರು: ನಮ್ಮ ಹಿರಿಯರು ಪೂಜಿಸಿದ್ದನ್ನು ನಾವು ಬಿಡಬೇಕು, ನಮ್ಮ ದುಡ್ಡನ್ನು ನಮಗೆ ಬೇಕಾದ ಹಾಗೆ ಬಳಸಬಾರದು ಅಂತ ನಿನ್ನ ನಮಾಝ್ ನಿನಗೆ ಹೇಳುತ್ತದೆಯೇ? (11:87)

ಕುಹಕಕ್ಕೆ ಕೇಳಿದರೂ ವಿಷಯ ಅವರಿಗೆ ಸರಿಯಾಗಿಯೇ ಅರ್ಥವಾಗಿತ್ತು. ನಮಾಝ್ ಮಾಡುವ ಮನುಷ್ಯ ಬಜಾರಿಗೆ ಬಂದು ತಕ್ಕಡಿಯ ಬಗ್ಗೆ ಮಾತಾಡುತ್ತಾನೆ ಅಂತ ಅವರು ಹೆದರಿದ್ದರು. ಶುಐಬರ ಉತ್ತರ ಮುಂದಿನ ವಚನದಲ್ಲಿದೆ. ನನ್ನ ಕೈಲಾದಷ್ಟು ಸರಿಪಡಿಸುವುದು ಬಿಟ್ಟರೆ ನನಗೆ ಬೇರೇನೂ ಬೇಡ, ನನ್ನ ಕೆಲಸ ಕೈಗೂಡುವುದು ಅಲ್ಲಾಹನಿಂದಲೇ ಎಂದರು ಅವರು. ವಮಾ ತೌಫೀಕೀ ಇಲ್ಲಾ ಬಿಲ್ಲಾಹ್. ಕೈಲಾದಷ್ಟು ಮಾಡುವುದು ನಮ್ಮ ಪಾಲಿನದು, ಕೈಗೂಡಿಸುವುದು ಅವನದು. ಯಾವ ದುಆ ಅಂತ ಕೇಳಿದವರಿಗೆಲ್ಲ ನಾನು ಮೊದಲು ಹೇಳಿಕೊಡುವುದು ಇದನ್ನೇ.

ಮೊದಲು ಬರೆದಿಡಿ

ದುಆಗೂ ಮುಂಚೆ ಬರೆಯುವುದಾ ಅಂತ ಅನ್ನಿಸಬಹುದು. ಕುರ್‌ಆನಿನ ಅತಿ ಉದ್ದದ ವಚನ ಯಾವುದು ಗೊತ್ತಾ? ಎರಡನೇ ಅಧ್ಯಾಯದ 282ನೇ ವಚನ. ಅದು ಇರುವುದು ಸಾಲದ ವ್ಯವಹಾರ ಬರೆದಿಡುವ ಬಗ್ಗೆ. ಬರೆಯಿರಿ, ಸಾಕ್ಷಿ ಇಟ್ಟುಕೊಳ್ಳಿ, ಮೊತ್ತ ಸಣ್ಣದಿರಲಿ ದೊಡ್ಡದಿರಲಿ ಬೇಸರಪಡದೆ ಬರೆಯಿರಿ ಎನ್ನುತ್ತದೆ. ನಮ್ಮ ಜನಕ್ಕೆ ಅದನ್ನು ಓದಿ ಸವಾಬು (ಪುಣ್ಯ) ಪಡೆಯುವುದು ಗೊತ್ತು. ಅದರಂತೆ ಒಂದು ನೋಟ್‌ಬುಕ್ ಇಡುವುದು ಗೊತ್ತಿಲ್ಲ.

ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸದಲ್ಲಿ ಕೂಲಿ ತೂಕದ ಮೇಲೆ. ಹಾಗಾಗಿ ಪ್ರತಿದಿನ ಬರೆಯಬೇಕಾದ್ದು ಇಷ್ಟು: ತಾರೀಖು, ಎಷ್ಟು ಕಿಲೋ ಬಿಡಿಸಿದೆ, ಕಿಲೋಗೆ ಎಷ್ಟು ಅಂತ ಮಾತಾಗಿತ್ತು, ಕೈಗೆ ಬಂದಿದ್ದು ಎಷ್ಟು, ತೂಗಿದವರು ಯಾರು, ಪಕ್ಕದಲ್ಲಿ ಯಾರಿದ್ದರು. ಬರೆಯಲು ಬಾರದಿದ್ದರೆ ಮಕ್ಕಳ ಕೈಲಿ ಬರೆಸಿ. ದುಡ್ಡು ಫೋನ್‌ಪೇಯಲ್ಲಿ ಬಂದಿದ್ದರೆ ಆ ಮೆಸೇಜ್ ಅಳಿಸಬೇಡಿ.

ತೂಕದ ಮೇಲೆ ಅನುಮಾನವಿದ್ದರೆ ಜಗಳ ತೆಗೆಯುವ ಮುಂಚೆ ಪರೀಕ್ಷೆ ಮಾಡಿ. ಒಂದು ಸುಗ್ಗಿಯಲ್ಲಿ ಇಲ್ಲಿನ ಕೆಲವರು ಕಿರಾಣಿ ಅಂಗಡಿಯಿಂದ ಒಂದು ಕಿಲೋದ ಐದು ಉಪ್ಪಿನ ಪ್ಯಾಕೆಟ್ ತಂದು, ಮೆಣಸಿನಕಾಯಿ ಅಂಗಡಿಯ ಗುಮಾಸ್ತನ ಎದುರಿಗೇ ಆ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಇಟ್ಟರು. ಪ್ಲಾಸ್ಟಿಕ್ ಸೇರಿ ಐದಕ್ಕಿಂತ ಒಂದು ಚೂರು ಜಾಸ್ತಿಯೇ ತೋರಿಸಬೇಕು. ತೋರಿಸಿದ್ದು 4.600. ಯಾರೂ ಕೂಗಾಡಲಿಲ್ಲ. ಒಬ್ಬಳು ಫೋನಿನಲ್ಲಿ ಫೋಟೋ ಹೊಡೆದಳು, ಇನ್ನೊಬ್ಬಳು ತಾರೀಖು, ಹೊತ್ತು ಬರೆದುಕೊಂಡಳು.

ಹಾಗೆ ಬರೆಯುವಾಗ ನಿಮ್ಮ ತಪ್ಪಿದ್ದರೆ ಅದನ್ನೂ ಬರೆಯಿರಿ. ಮುಂಗಡ ಪಡೆದಿದ್ದರೆ ಮುಚ್ಚಿಡಬೇಡಿ. ನಿಮ್ಮ ವಿರುದ್ಧವೇ ಆದರೂ, ತಂದೆತಾಯಿಗಳ ವಿರುದ್ಧವೇ ಆದರೂ ನ್ಯಾಯಕ್ಕೆ ಸಾಕ್ಷಿಯಾಗಿ ನಿಲ್ಲಿ ಎನ್ನುತ್ತದೆ ಕುರ್‌ಆನ್ (4:135). ಆಗಿರುವ ಜುಲುಮೆಯನ್ನು ಎರಡು ಪಟ್ಟು ಮಾಡಿ ಹೇಳಿದರೆ ನಾವೂ ಜುಲುಮೆಯ ಕಡೆಗೆ ಹೋದ ಹಾಗೆ.

ಎರಡು ರಕಅತ್, ನಿಮ್ಮ ಸ್ವಂತ ಮಾತು

ದಿನವಿಡೀ ಮೆಣಸಿನಕಾಯಿ ಮುಟ್ಟಿದ ಕೈ. ಹಾಗೇ ನಮಾಝಿಗೆ ಮುಂಚೆ ಕೈ ಮುಖ ತೊಳೆಯುವ ವುಝೂ ಮಾಡಿದರೆ ನೀರು ಮುಖಕ್ಕೆ ತಾಗಿದ ಕೂಡಲೇ ಕಣ್ಣು ಉರಿದು ಹೋಗುತ್ತದೆ. ಮೊದಲು ಕೈಗೆ ಕೊಬ್ಬರಿ ಎಣ್ಣೆ ಸವರಿ, ಉಗುರಿನ ಸಂದಿಯನ್ನೂ ಬಿಡದೆ ಚೆನ್ನಾಗಿ ತಿಕ್ಕಿ, ಆಮೇಲೆ ಸೋಪು ಹಾಕಿ ತೊಳೆಯಿರಿ. ಬರೀ ನೀರಿಗೆ ಖಾರ ಹೋಗುವುದಿಲ್ಲ. ಎಣ್ಣೆ ಪೂರ್ತಿ ಹೋದ ಮೇಲೆ ವುಝೂ ಮಾಡಿ.

ಎರಡು ರಕಅತ್ (ನಮಾಝಿನ ಎರಡು ಸುತ್ತು) ನಫಿಲ್, ಅಂದರೆ ಕಡ್ಡಾಯವಲ್ಲದ ನಮಾಝ್, ಮಾಡಿ. ಸಾಧ್ಯವಾದರೆ ರಾತ್ರಿಯ ಕೊನೆಯ ಮೂರನೇ ಪಾಲಿನಲ್ಲಿ, ತಹಜ್ಜುದ್ ಹೊತ್ತಿನಲ್ಲಿ. ಮೈಕೈ ನೋವಿಗೆ ಅಷ್ಟು ಹೊತ್ತಿಗೆ ಏಳಲು ಆಗದಿದ್ದರೆ ಚಿಂತೆಯಿಲ್ಲ. ಅಝಾನ್ (ನಮಾಝಿನ ಕರೆ) ಮತ್ತು ಇಖಾಮತ್ (ನಮಾಝ್ ಶುರುವಾಗುವ ಕರೆ) ನಡುವೆಯೂ ದುಆ ಸ್ವೀಕಾರವಾಗುವ ಹೊತ್ತಿದೆ. ಸಜ್ದಾದಲ್ಲಿ, ಹಣೆ ನೆಲಕ್ಕೆ ಇಟ್ಟಾಗ, ದಾಸ ತನ್ನ ಒಡೆಯನಿಗೆ ಎಲ್ಲಕ್ಕಿಂತ ಹತ್ತಿರವಿರುತ್ತಾನೆ ಎಂದಿದ್ದಾರೆ ಪ್ರವಾದಿ ಮುಹಮ್ಮದ್ (ಸ).

ನಮಾಝ್ ಮುಗಿಸಿ ಕೈ ಎತ್ತಿದ ಮೇಲೆ ನಿಮ್ಮ ಭಾಷೆಯಲ್ಲಿ ಮಾತಾಡಿ. ಮನೆಮಾತು ದಖನಿಯಾದರೆ ದಖನಿ, ಕನ್ನಡವಾದರೆ ಕನ್ನಡ. ಇಷ್ಟು ದುಡ್ಡು, ಇಂಥವರ ಬಳಿ, ಇಷ್ಟು ದಿನದಿಂದ ಬಾಕಿ ಅಂತ ಬಿಡಿಸಿ ಹೇಳಿ. ಅವನಿಗೆ ಗೊತ್ತಿದೆ, ನಿಜ. ಹೇಳುತ್ತಾ ಹೋದ ಹಾಗೆ ನಿಮಗೇ ಏನು ಬೇಕು ಅನ್ನುವುದು ತಿಳಿಯಾಗುತ್ತದೆ. ಯಮನ್‌ಗೆ ಹೊರಟಿದ್ದ ತಮ್ಮ ಸಂಗಾತಿ ಮುಆದ್ ಬಿನ್ ಜಬಲರಿಗೆ ಪ್ರವಾದಿಯವರು ಎಚ್ಚರ ಹೇಳಿದ್ದರು: ಜುಲುಮೆಗೆ ಒಳಗಾದವರ ದುಆಗೆ ಹೆದರು, ಅದಕ್ಕೂ ಅಲ್ಲಾಹನಿಗೂ ನಡುವೆ ಪರದೆಯಿಲ್ಲ. ಮುಆದ್ ಅಲ್ಲಿಗೆ ಹೊರಟಿದ್ದು ಅಧಿಕಾರ ಹೊತ್ತುಕೊಂಡು. ಝಕಾತ್ (ಕಡ್ಡಾಯ ದಾನ) ವಸೂಲಿ ಮಾಡುವಾಗ ಜನರ ಒಳ್ಳೊಳ್ಳೆಯ ಮಾಲನ್ನೇ ಆರಿಸಿ ತೆಗೆದುಕೊಳ್ಳಬೇಡ ಅಂತ ಅದೇ ಮಾತಿನಲ್ಲಿ ತಾಕೀತು ಮಾಡಿದ್ದರು.

ಬದ್ದುಆ (ಶಾಪ) ಹಾಕಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ನೊಂದವರ ಬಾಯಿಗೆ ಅಲ್ಲಾಹ್ ಬೀಗ ಹಾಕಿಲ್ಲ. ಕೆಟ್ಟ ಮಾತನ್ನು ಬಹಿರಂಗವಾಗಿ ಆಡುವುದು ಅವನಿಗೆ ಇಷ್ಟವಿಲ್ಲ, ಅನ್ಯಾಯಕ್ಕೊಳಗಾದವರ ಹೊರತು ಎಂದಿದೆ 4:148ರಲ್ಲಿ. ಆದರೆ ಸಾವ್ಕಾರನ ಮಕ್ಕಳಿಗೆ ರೋಗ ಬರಲಿ ಅನ್ನಬೇಡಿ, ಆ ಮಕ್ಕಳು ನಿಮಗೇನು ಮಾಡಿದ್ದಾರೆ? ನನ್ನ ಹಕ್ಕು ನನಗೆ ಕೊಡಿಸು, ಅವನ ಕೈಯನ್ನು ಈ ಕೆಲಸದಿಂದ ತಡೆ ಅಂತ ಕೇಳಿ. ಅಷ್ಟರಲ್ಲಿ ಎಲ್ಲವೂ ಬಂತು.

ಮಾತಾಡಲು ಹೋಗುವ ದಿನ ಬೆಳಿಗ್ಗೆ ಓದಲು ಪ್ರವಾದಿ ಮೂಸಾರ ದುಆ ಇದೆ. ಈಜಿಪ್ಟಿನ ದೊರೆ ಫಿರ್‌ಔನನ ಎದುರು ಹೋಗು ಎಂದು ಅಪ್ಪಣೆಯಾದಾಗ ಅವರು ಕೇಳಿದ್ದು ಕತ್ತಿಯನ್ನಲ್ಲ. ರಬ್ಬಿಶ್‌ರಹ್‌ಲೀ ಸದ್ರೀ, ವ ಯಸ್ಸಿರ್‌ಲೀ ಅಮ್ರೀ, ವಹ್‌ಲುಲ್ ಉಕ್ದತಮ್ ಮಿಲ್ಲಿಸಾನೀ, ಯಫ್‌ಕಹೂ ಕೌಲೀ. ನನ್ನ ಎದೆಯನ್ನು ಅಗಲ ಮಾಡು, ಕೆಲಸವನ್ನು ಸುಲಭ ಮಾಡು, ನಾಲಿಗೆಯ ಗಂಟು ಬಿಡಿಸು, ನನ್ನ ಮಾತು ಅವರಿಗೆ ತಿಳಿಯಲಿ (20:25-28). ಅದರ ಹಿಂದೆಯೇ ಅಣ್ಣ ಹಾರೂನರನ್ನು ಜೊತೆಗೆ ಕೊಡು ಎಂದು ಕೇಳಿದರು. ನಮಗೆ ಹೆದರಿಕೆಯಾಗುತ್ತದೆ ಅಂತ ಇಬ್ಬರೂ ಬಾಯಿಬಿಟ್ಟು ಹೇಳಿಕೊಂಡರು. ಹೆದರಬೇಡಿ, ನಾನು ನಿಮ್ಮ ಜೊತೆಗಿದ್ದೇನೆ, ಕೇಳುತ್ತೇನೆ, ನೋಡುತ್ತೇನೆ ಎಂಬ ಉತ್ತರ ಬಂತು. ಪ್ರವಾದಿಗಳಿಗೇ ಹೆದರಿಕೆಯಾಗಿದೆ ಅಂದ ಮೇಲೆ ಅಂಗಡಿ ಮೆಟ್ಟಿಲು ಹತ್ತುವಾಗ ನಿಮ್ಮ ಕಾಲು ನಡುಗಿದರೆ ನಾಚಿಕೆ ಯಾಕೆ?

ಹೊಸ್ತಿಲು ದಾಟುವಾಗ ಇನ್ನೊಂದು ದುಆ. ಪ್ರವಾದಿಯವರ ಪತ್ನಿ ಉಮ್ಮು ಸಲಮಾ ಅವರ ಹದೀಸಿನಲ್ಲಿದೆ (ಹದೀಸ್ ಅಂದರೆ ಪ್ರವಾದಿಯವರ ನುಡಿ, ನಡೆಯ ವರದಿ). ನಾನು ದಾರಿ ತಪ್ಪದಂತೆ, ಯಾರೂ ನನ್ನ ದಾರಿ ತಪ್ಪಿಸದಂತೆ, ನಾನು ಜುಲುಮೆ ಮಾಡದಂತೆ, ನನ್ನ ಮೇಲೆ ಜುಲುಮೆ ಆಗದಂತೆ ಕಾಪಾಡು ಎಂಬ ಅರ್ಥದ್ದು. ಅರಬಿ ಬಾಯಿಗೆ ಬಾರದಿದ್ದರೆ ಅರ್ಥವನ್ನೇ ಹೇಳಿಕೊಂಡು ಹೊರಡಿ.

ಮೆದುವಾಗಿ, ಆದರೆ ಒಬ್ಬರೇ ಅಲ್ಲ

ಕೆಡುಕನ್ನು ಕಂಡವರು ಕೈಯಿಂದ ಬದಲಿಸಲಿ, ಆಗದಿದ್ದರೆ ನಾಲಿಗೆಯಿಂದ, ಅದೂ ಆಗದಿದ್ದರೆ ಮನಸ್ಸಿನಿಂದ, ಇದು ಈಮಾನಿನ (ವಿಶ್ವಾಸದ) ಅತಿ ದುರ್ಬಲ ಮಟ್ಟ ಎಂಬ ಹದೀಸ್ ಎಲ್ಲರಿಗೂ ಗೊತ್ತು. ಕೆಲವು ಹುಡುಗರು ಕೈ ಎಂದ ಕೂಡಲೇ ತೋಳೇರಿಸುತ್ತಾರೆ. ಶಿಕ್ಷೆ ಕೊಡುವುದು ಅಧಿಕಾರ ಇರುವವರ ಕೆಲಸ ಅಂತ ಉಲಮಾಗಳು (ಧಾರ್ಮಿಕ ವಿದ್ವಾಂಸರು) ಹೇಳಿದ್ದಾರೆ. ಒಂದು ಕೆಡುಕು ತೆಗೆಯಲು ಹೋಗಿ ಅದಕ್ಕಿಂತ ದೊಡ್ಡ ಕೆಡುಕು ಮಾಡಬಾರದು ಎಂದೂ ಹೇಳಿದ್ದಾರೆ. ಅಂಗಡಿಯ ಗಾಜು ಒಡೆದರೆ ನಿಮ್ಮ ಕೂಲಿ ಬರುವುದಿಲ್ಲ. ನಿಮ್ಮ ಮೇಲೇ ಕೇಸು ಬರುತ್ತದೆ.

ಹಾಗಂತ ಮನಸ್ಸಿನಲ್ಲೇ ಬೈದುಕೊಂಡು ಕೂರುವುದೂ ಬೇಡ. ಬಾಯಿ ಇರುವಾಗ ಕೊನೆಯ ಮಟ್ಟಕ್ಕೆ ಇಳಿಯುವುದು ಯಾಕೆ? ಹೆಣ್ಣುಮಕ್ಕಳು ವಾದ ಮಾಡುವುದು ಬೇಅದಬಿ (ಮರ್ಯಾದೆಗೇಡು) ಅನ್ನುವವರಿಗೆ 58ನೇ ಅಧ್ಯಾಯ ತೆರೆದು ತೋರಿಸಿ. ಖೌಲಾ ಬಿಂತ್ ಸಅಲಬಾ ತನ್ನ ಗಂಡನ ಮೇಲಿನ ದೂರನ್ನು ಪ್ರವಾದಿಯವರ ಮುಂದೆಯೇ ಬಿಡದೆ ವಾದಿಸಿದರು. ಅದೇ ಕೋಣೆಯಲ್ಲಿದ್ದ ಪ್ರವಾದಿಯವರ ಪತ್ನಿ ಆಯಿಶಾ ಅವರಿಗೂ ಕೆಲವು ಮಾತು ಕೇಳಿಸಲಿಲ್ಲವಂತೆ. ಆ ವಾದವನ್ನು ಅಲ್ಲಾಹ್ ಕೇಳಿದ್ದಾನೆ ಎಂದೇ ಅಧ್ಯಾಯ ಶುರುವಾಗುತ್ತದೆ. ಆ ಅಧ್ಯಾಯದ ಹೆಸರೇ ಮುಜಾದಲಾ, ವಾದ.

ಮೊದಲ ಮಾತು ಅಂಗಡಿಯವರ ಜೊತೆಗೇ ಆಗಲಿ. ನಿನ್ನ ಸಹೋದರನಿಗೆ ಸಹಾಯ ಮಾಡು, ಅವನು ಜುಲುಮೆ ಮಾಡುವವನಾಗಿರಲಿ, ಅನುಭವಿಸುವವನಾಗಿರಲಿ ಎಂದರು ಪ್ರವಾದಿ. ಜುಲುಮೆ ಮಾಡುವವನಿಗೆ ಹೇಗೆ ಸಹಾಯ ಮಾಡುವುದು ಎಂದು ಕೇಳಿದ್ದಕ್ಕೆ, ಅವನನ್ನು ಅದರಿಂದ ತಡೆಯುವುದೇ ಸಹಾಯ ಎಂದರು. ನಾಲ್ಕು ಜನರ ಮುಂದೆ ಮರ್ಯಾದೆ ತೆಗೆಯುವ ಮುಂಚೆ ಒಂದು ಅವಕಾಶ ಕೊಡಿ. ಫಿರ್‌ಔನನ ಜೊತೆಗೂ ಮೆದುವಾಗಿ ಮಾತಾಡಿ ಎಂದು ಮೂಸಾ, ಹಾರೂನರಿಗೆ ಅಪ್ಪಣೆಯಾಗಿತ್ತು. ಮಧ್ಯಾಹ್ನ ಗಿರಾಕಿಗಳ ಗದ್ದಲದಲ್ಲಿ ಬೇಡ. ಬೆಳಿಗ್ಗೆ ಅಂಗಡಿ ತೆರೆದ ಹೊತ್ತಿಗೆ ಹೋಗಿ. ಲೆಕ್ಕದ ಹಾಳೆಯ ಝೆರಾಕ್ಸ್ ಅವರ ಕೈಗೆ ಕೊಡಿ, ಅಸಲು ನಿಮ್ಮಲ್ಲೇ ಇರಲಿ. "ಸಾವ್ಕಾರ್ರೇ, ಇದು ನಮ್ಮ ಲೆಕ್ಕ. ನಿಮ್ಮ ಲೆಕ್ಕ ಬೇರೆ ಇದ್ದರೆ ತೋರಿಸಿ" ಅನ್ನಿ. ಯಾವಾಗ ಕೊಡುತ್ತೀರಿ ಅಂತ ತಾರೀಖು ಕೇಳಿ. ಅವರು ಏನಂದರು ಅನ್ನುವುದನ್ನು ಹೊರಗೆ ಬಂದು ಬರೆಯಿರಿ.

ಉಪ್ಪಿನ ಪ್ಯಾಕೆಟ್ ಇಟ್ಟು ತಕ್ಕಡಿ ಪರೀಕ್ಷೆ ಮಾಡಿದ ಆ ಅಂಗಡಿಯ ಮಾಲೀಕರು ನಮ್ಮ ಮಸೀದಿಯ ಮೊದಲ ಸಾಲಿನಲ್ಲೇ ನಿಲ್ಲುವವರು. ಆಳನ್ನು ಇಟ್ಟುಕೊಂಡು, ಪೂರ್ತಿ ಕೆಲಸ ಮಾಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಕಿಯಾಮತ್ ದಿನ (ಅಂತಿಮ ತೀರ್ಪಿನ ದಿನ) ನಾನೇ ಎದುರಾಳಿ ಎಂದು ಅಲ್ಲಾಹ್ ಹೇಳುತ್ತಾನೆ ಎಂಬ ಹದೀಸ್ ಬುಖಾರಿ ಎಂಬ ಹದೀಸ್ ಸಂಗ್ರಹದಲ್ಲಿದೆ. ಗೊತ್ತಿರುವವರ ಮುಂದೆ ಇದನ್ನು ಹೇಳಬೇಕು. ನಮ್ಮವರು ಅಂತ ಮುಚ್ಚಿಹಾಕಿದರೆ ನಾವು ಅವರಿಗೆ ಮಾಡುವುದು ಕೇಡು.

ಒಬ್ಬರೇ ಹೋಗಬೇಡಿ ಅಂದೆನಲ್ಲ, ಅದಕ್ಕೆ ಬುನಾದಿ ಇದೆ. ಮಕ್ಕಾದಲ್ಲಿ ಇಸ್ಲಾಮ್ ಬರುವ ಮುಂಚಿನ ಮಾತು. ಯಮನಿನ ಝಬೀದ್ ಕಡೆಯಿಂದ ಬಂದ ಒಬ್ಬ ವ್ಯಾಪಾರಿಯಿಂದ ಆಸ್ ಬಿನ್ ವಾಯಿಲ್ ಎಂಬ ದೊಡ್ಡ ಮನುಷ್ಯ ಮಾಲು ತೆಗೆದುಕೊಂಡು ದುಡ್ಡು ಕೊಡಲಿಲ್ಲ. ಪರವೂರಿನವನ ಬೆನ್ನಿಗೆ ಯಾರೂ ಇರಲಿಲ್ಲ. ಅವನ ಕೂಗು ಕೇಳಿ ಕೆಲವು ಮನೆತನದವರು ಅಬ್ದುಲ್ಲಾ ಬಿನ್ ಜುದ್‌ಆನರ ಮನೆಯಲ್ಲಿ ಸೇರಿದರು. ಅನ್ಯಾಯವಾದವನು ಯಾರೇ ಆಗಿರಲಿ, ಅವನ ಹಕ್ಕು ಸಿಗುವ ತನಕ ನಾವೆಲ್ಲ ಒಂದೇ ಕಡೆ ಎಂದು ಆಣೆ ಮಾಡಿದರು. ಹೋಗಿ ಆ ದುಡ್ಡು ಕೊಡಿಸಿದರು. ಇದೇ ಹಿಲ್ಫುಲ್ ಫುದೂಲ್. ಆ ಸಭೆಯಲ್ಲಿ ಸುಮಾರು 20 ವರ್ಷದ ಮುಹಮ್ಮದ್ (ಸ) ಕೂಡ ಇದ್ದರು. ಪ್ರವಾದಿಯಾದ ಮೇಲೂ, ಅಂಥ ಒಪ್ಪಂದಕ್ಕೆ ಈಗ ಕರೆದರೂ ನಾನು ಹೋಗುತ್ತೇನೆ ಎಂದಿದ್ದರು.

ಅಲ್ಲಿ ಸೇರಿದ್ದವರು ಮುಸ್ಲಿಮರಲ್ಲ ಅನ್ನುವುದನ್ನು ಗಮನಿಸಿ. ತೊಟ್ಟು ಬಿಡಿಸಲು ಕೂರುವಾಗ ಫಾತಿಮಾ ಖಾಲಾ, ಗಂಗವ್ವ, ದುರ್ಗವ್ವ ಎಲ್ಲರೂ ಒಂದೇ ತಾಡಪಲ್ ಮೇಲೆ, ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಒಂದೇ ಘಾಟಿಗೆ ಕೆಮ್ಮುತ್ತಾ ಕೂರುತ್ತಾರೆ. ಕೇಳಲು ಹೋಗುವಾಗ ಮಾತ್ರ ಬೇರೆ ಬೇರೆ ಯಾಕೆ? ಅರ್ಜಿಯಲ್ಲಿ ಎಲ್ಲರ ಸಹಿ, ಹೆಬ್ಬೆಟ್ಟು ಇರಲಿ. ನಮ್ಮವರ ಬಾಕಿಯಷ್ಟೇ ಕೊಡುತ್ತೇವೆ ಅಂದರೆ ಒಪ್ಪಬೇಡಿ.

ಅರ್ಜಿ

ಹೇಳಿದ ತಾರೀಖಿಗೆ ಕೂಲಿ ಬರಲಿಲ್ಲ ಅಂದರೆ ಬರೆಯಿರಿ. ಕೂಲಿ ಬಾಕಿಗೆ ಕಾರ್ಮಿಕ ಇಲಾಖೆಯ ಕಾರ್ಮಿಕ ನಿರೀಕ್ಷಕರು. ತೂಕದ ಮೋಸಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಆ ಇಲಾಖೆಯಿಂದ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಬೇಕು ಅನ್ನುವ ನಿಯಮವಿದೆ. ಮುದ್ರೆ ಇದೆಯಾ, ಯಾವ ವರ್ಷದ್ದು ಅಂತ ನೋಡಿ.

ನಾನು ಬರೆಯುವ ಅರ್ಜಿ ಹೀಗಿರುತ್ತದೆ: "ಮಾನ್ಯರೇ, ಕೆಳಗೆ ಸಹಿ ಮಾಡಿದ ನಾವು ಇಂಥ ವಿಳಾಸದ ಅಂಗಡಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಕಾರರು. ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗಿನ ನಮ್ಮ ಕೂಲಿ ಇಷ್ಟು ರೂಪಾಯಿ ಬಾಕಿ ಇದೆ. ಇಂಥ ದಿನ ಕೇಳಿದಾಗ ಇಂಥ ದಿನ ಕೊಡುವುದಾಗಿ ಹೇಳಿದ್ದರು. ಕೊಟ್ಟಿಲ್ಲ. ದಿನವಾರು ಲೆಕ್ಕ ಲಗತ್ತಿಸಿದೆ. ಬಾಕಿ ಕೊಡಿಸಬೇಕೆಂದು ಕೋರುತ್ತೇವೆ." ಒಂದು ಪುಟ ಸಾಕು. ಬೈಗುಳ ಬೇಡ, ಕಣ್ಣೀರೂ ಬೇಡ. ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಕಚೇರಿಯ ಸೀಲು, ತಾರೀಖು ಹಾಕಿಸಿಕೊಂಡು ಬನ್ನಿ. ಸೀಲಿಲ್ಲದ ಅರ್ಜಿ ಕೊಟ್ಟೂ ಕೊಡದ ಹಾಗೆಯೇ.

ವಕೀಲರಿಗೆ ದುಡ್ಡಿಲ್ಲ ಅಂತ ಕೈಬಿಡಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿ ಎಲ್ಲಿದೆ ಅಂತ ಕೋರ್ಟಿನಲ್ಲಿ ವಿಚಾರಿಸಿ. ಇಲ್ಲವೇ 15100ಕ್ಕೆ ಫೋನ್ ಮಾಡಿ. ಅರ್ಜಿ ಎಲ್ಲಿಗೆ ಬಂತು ಅಂತ ತಿಳಿಯಬೇಕಾದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು. 30 ದಿನದೊಳಗೆ ಉತ್ತರ ಕೊಡಬೇಕು.

ಒಂದು ವಿಷಯದಲ್ಲಿ ಮಾತ್ರ ಈ ಕ್ರಮ ಬೇಡ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಮೆದು ಮಾತು, ತಾರೀಖು, ಅವಕಾಶ ಯಾವುದೂ ಬೇಡ. ಮೊದಲು ಮಕ್ಕಳನ್ನು ಕರೆದುಕೊಂಡು ಸುರಕ್ಷಿತ ಜಾಗಕ್ಕೆ ಹೋಗಿ. 112 ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ದುಆವನ್ನು ದಾರಿಯಲ್ಲೇ ಮಾಡಬಹುದು. ಸಬರ್ (ತಾಳ್ಮೆ) ಮಾಡಮ್ಮ ಅಂತ ವಾಪಸ್ ಕಳಿಸುವ ಹಿರಿಯರಿಗೆ ನಾನು ನೇರವಾಗಿ ಹೇಳುತ್ತೇನೆ: ಹೊಡೆಸಿಕೊಳ್ಳುವುದನ್ನು ಸಬರ್ ಎನ್ನುವುದಿಲ್ಲ. ಅರ್ಜಿ ಕೊಟ್ಟ ಮೇಲೆ ಕಚೇರಿಗೆ ತಿರುಗುತ್ತಾ, ಸುಳ್ಳು ಹೇಳದೆ, ಲಂಚ ಕೊಡದೆ, ನಮಾಝ್ ಬಿಡದೆ ಇರುವುದು ಸಬರ್.

ದುಡ್ಡು ಬಂದ ದಿನ ಲೆಕ್ಕದ ಪ್ರಕಾರ ಎಲ್ಲರಿಗೂ ಹಂಚಿ, ಸಹಿ ಪಡೆಯಿರಿ. ಅಂಗಡಿಯವರ ವಿಷಯ ಆವತ್ತಿಗೇ ಮುಗಿಯಲಿ. ನೊಂದವರು ದೂರು ಹೇಳುವುದು ಗೀಬತ್ (ಬೆನ್ನ ಹಿಂದೆ ಆಡಿಕೊಳ್ಳುವುದು) ಅಲ್ಲ. ಹಕ್ಕು ಕೈಗೆ ಬಂದ ಮೇಲೂ ಓಣಿಯಲ್ಲಿ ಅದನ್ನೇ ಆಡಿಕೊಂಡರೆ ಅದು ಗೀಬತ್. ಕ್ಷಮಿಸುವುದಾದರೆ ನೊಂದವರೇ ಕ್ಷಮಿಸಬೇಕು. ದುರ್ಗವ್ವನ ಕೂಲಿಯನ್ನು ಜಮಾಅತಿನ ಹಿರಿಯರು ಮಾಫಿ ಮಾಡಲು ಬರುವುದಿಲ್ಲ.

ದೂರದ ನೋವು

ಗಾಝಾದ ಸುದ್ದಿ ನೋಡಿ ಅಳುತ್ತಾ ಬರುವವರಿದ್ದಾರೆ. ಅವರಿಗೆ ಕುನೂತೆ ನಾಝಿಲಾ, ಅಂದರೆ ವಿಪತ್ತಿನ ಹೊತ್ತಿನಲ್ಲಿ ನಮಾಝಿನಲ್ಲಿ ಓದುವ ದುಆ, ಬಗ್ಗೆ ಹೇಳುತ್ತೇನೆ. ಹಿಜರಿ 4ರಲ್ಲಿ, ಅಂದರೆ 625ರಲ್ಲಿ, ಬಿಅರ್ ಮಊನಾ ಎಂಬಲ್ಲಿ ಸುಮಾರು 70 ಕುರ್‌ಆನ್ ಪಾಠಿಗಳನ್ನು ನಂಬಿಸಿ ಕರೆಸಿ ಕೊಂದರು. ಪ್ರವಾದಿಯವರು ಒಂದು ತಿಂಗಳು ಫಜ್ರ್ (ನಸುಕಿನ) ನಮಾಝಿನಲ್ಲಿ ನಿಂತು ಆ ಕೊಲೆಗಡುಕರ ವಿರುದ್ಧ ದುಆ ಮಾಡಿದರು. ನಮ್ಮ ಕಡೆಯ ಹನಫೀ ಮಸೀದಿಗಳಲ್ಲೂ ದೊಡ್ಡ ವಿಪತ್ತಿನಲ್ಲಿ ಇಮಾಮರು ಇದನ್ನು ಓದಬಹುದು, ಹೋಗಿ ಕೇಳಿ. ಫೋನಿಗೆ ಬಂದದ್ದನ್ನೆಲ್ಲ ಮುಂದೆ ಕಳಿಸಬೇಡಿ. ಸುದ್ದಿ ಬಂದರೆ ಪರಿಶೀಲಿಸಿ ಎನ್ನುತ್ತದೆ 49:6. ಒಂದು ಜನಾಂಗದ ಮೇಲಿನ ಹಗೆ ನಿಮ್ಮನ್ನು ಅನ್ಯಾಯಕ್ಕೆ ತಳ್ಳದಿರಲಿ ಎನ್ನುತ್ತದೆ 5:8.

ಅಕ್ಕತಂಗಿಯರ ಪಾಲು

ಗಾಝಾಗೆ ಅಳುವ ಮನೆಗಳಲ್ಲೇ ಅಕ್ಕತಂಗಿಯರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಿಸಿಕೊಳ್ಳುತ್ತಾರೆ. ಇದು ನನ್ನ ಹೊಟ್ಟೆ ಉರಿಸುತ್ತದೆ. ಸೀರೆ ಉಡಿಸಿ, ಬಿರಿಯಾನಿ ಉಣಿಸಿ, ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗುತ್ತಾರೆ. ಒಲ್ಲೆ ಅಂದರೆ ತವರಿನ ಬಾಗಿಲು ಮುಚ್ಚುತ್ತದೆ ಎಂಬ ಹೆದರಿಕೆಗೆ ಅವಳು ಸಹಿ ಹಾಕುತ್ತಾಳೆ. ಅದನ್ನು ಖುಷಿಯಿಂದ ಬಿಟ್ಟುಕೊಟ್ಟಳು ಅನ್ನುತ್ತಾರೆ. ಹೆಣ್ಣುಮಕ್ಕಳ ಪಾಲನ್ನು 4:11ರಲ್ಲಿ ಅಲ್ಲಾಹನೇ ನಿಗದಿ ಮಾಡಿದ್ದಾನೆ, ಅಣ್ಣ ಕೊಡುವ ಭಿಕ್ಷೆಯಲ್ಲ ಅದು.

ಇಲ್ಲಿ ಸಾಕ್ಷಿ ಹಾಕಲು ಕರೆಸಿಕೊಂಡವರು ದೊಡ್ಡ ಕೆಲಸ ಮಾಡಬಹುದು. ನುಅಮಾನ್ ಬಿನ್ ಬಶೀರರ ತಂದೆ ಈ ಒಬ್ಬ ಮಗನಿಗೆ ಮಾತ್ರ ಒಂದು ಕೊಡುಗೆ ಕೊಟ್ಟು, ಪ್ರವಾದಿಯವರನ್ನು ಸಾಕ್ಷಿಗೆ ಕರೆದರು. ಎಲ್ಲ ಮಕ್ಕಳಿಗೂ ಹೀಗೇ ಕೊಟ್ಟಿದ್ದೀಯಾ ಎಂದು ಕೇಳಿದರು ಪ್ರವಾದಿ. ಇಲ್ಲ ಎಂದಾಗ, ಅನ್ಯಾಯಕ್ಕೆ ನಾನು ಸಾಕ್ಷಿಯಾಗುವುದಿಲ್ಲ ಎಂದರು. ನಿಮ್ಮನ್ನು ಕರೆದಾಗಲೂ ಪೆನ್ನು ಕೆಳಗಿಟ್ಟು ಇದೇ ಮಾತು ಹೇಳಿ. ಆ ಹುಡುಗಿಯನ್ನು ಅಣ್ಣಂದಿರಿಂದ ಬೇರೆ ಕೂರಿಸಿ, ನಿನಗೆ ಬರುವ ಪಾಲು ಎಷ್ಟು ಅಂತ ಯಾರಾದರೂ ಹೇಳಿದ್ದಾರಾ, ಅದು ನಿನ್ನ ಹೆಸರಿಗಾದ ಮೇಲೆ ಯೋಚನೆ ಮಾಡಿ ಕೊಡುತ್ತೀಯಾ ಅಂತ ಕೇಳಿ. ಅಣ್ಣಂದಿರು ಮುಫ್ತಿಗಳ ಬಳಿ ಹೋಗಿ ಪಾಲಿನ ಲೆಕ್ಕ ಹಾಳೆಯಲ್ಲಿ ಬರೆಸಿಕೊಂಡು ಬರಲಿ. ಅಬ್ಬಾನ ಸಾಲ, ವಸಿಯತ್ (ಉಯಿಲು) ಮೊದಲು ಕಳೆದು, ಉಳಿದದ್ದನ್ನು ತಾಯಿ ಮತ್ತು ಎಲ್ಲ ಮಕ್ಕಳ ಎದುರಿಗೇ ಹಂಚಲಿ. ಜಾಗ ಒಡೆಯಲು ಆಗದಷ್ಟು ಸಣ್ಣದಿದ್ದರೆ ಇವತ್ತಿನ ದರ ಹಿಡಿದು ಅವಳ ಪಾಲಿನ ದುಡ್ಡನ್ನು ಅವಳ ಖಾತೆಗೇ ಹಾಕಲಿ. ಅಳಿಯನ ಕೈಗೆ ಕೊಡಬೇಡಿ.